ಥರ್ಮಕೋಲ್ ಕಂಬ ಈಗ ಉದುರುವುದಿಲ್ಲ

ನಮ್ಮ ನಾಟಕದ ಅರಮನೆಗೆ ಎರಡು ಥರ್ಮಕೋಲ್ ಕಂಬಗಳಿವೆ. ಟೆಂಪೋದಲ್ಲಿ ಊರೂರು ಸುತ್ತಿ ಅಂಚುಗಳೆಲ್ಲ ಉದುರುತ್ತಿದ್ದವು. ಪ್ರತಿ ಪ್ರದರ್ಶನಕ್ಕೂ ಮುಂಚೆ ತೇಪೆ ಹಾಕುವುದೇ ಕೆಲಸ.

ಈ ಸಲ ಬಟ್ಟೆ ಹೊದಿಸಿದೆ. ಹಳೇ ಹತ್ತಿ ಪಂಚೆಯನ್ನು ಅಂಗೈಯಗಲದ ಪಟ್ಟಿಗಳಾಗಿ ಹರಿದು, ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಒಂದರ ಅಂಚಿನ ಮೇಲೊಂದು ಬರುವಂತೆ ಅಂಟಿಸಿದೆ. ಪಾಲಿಯೆಸ್ಟರ್ ಬೇಡ, ಅಂಟು ಸರಿಯಾಗಿ ಹೀರುವುದಿಲ್ಲ. ಕೆತ್ತನೆಯ ಸಂದಿಗಳಲ್ಲಿ ಬಟ್ಟೆ ಒಳಗಿಳಿಯದೆ ಬಿಗಿದು ನಿಂತುಬಿಡುತ್ತದೆ. ಒದ್ದೆ ಬ್ರಷ್ಷಿನ ತುದಿಯಿಂದ ಒತ್ತಿ ಒತ್ತಿ ಕೂರಿಸಬೇಕು. ಗುಳ್ಳೆ ಉಳಿದರೆ ನಾಳೆ ಅಲ್ಲೇ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನಬೇಕು.

ಆಮೇಲೆ ಫೆವಿಕಾಲಿಗೆ ಸೀಮೆಸುಣ್ಣದ ಪುಡಿ ಕಲಸಿ ಒಂದು ಕೋಟ್, ಉಪ್ಪುಕಾಗದದ ಉಜ್ಜು, ಮೇಲೆ ಎಮಲ್ಷನ್ ಬಣ್ಣ. ಬರಿಯ ಥರ್ಮಕೋಲಿಗೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದರಲ್ಲಿರುವ ದ್ರಾವಕ ಥರ್ಮಕೋಲನ್ನೇ ಕರಗಿಸಿಬಿಡುತ್ತದೆ. ಹೊಳೆಯುವ ಬಣ್ಣವೂ ಬೇಡ. ಲೈಟ್ ಬಿದ್ದರೆ ಕಲ್ಲಿನ ಕಂಬ ಸುಮ್ನೆ ಪ್ಲಾಸ್ಟಿಕ್ ಆಗುತ್ತದೆ.

ಬುಡಕ್ಕೆ ಪ್ಲೈವುಡ್ ಹಾಕಿದ್ದೇನೆ. ಏಟು ಬೀಳುವುದು ಅಲ್ಲೇ ಜಾಸ್ತಿ, ಅಲ್ವಾ? ತೂಕ ಸ್ವಲ್ಪ ಏರಿದೆ, ಆದರೂ ಒಬ್ಬರೇ ಎತ್ತಬಹುದು. ಬಟ್ಟೆ ಹೊದಿಸಿದ ಮಾತ್ರಕ್ಕೆ ಬೆಂಕಿಯ ಭಯ ಹೋಗುವುದಿಲ್ಲ. ಬಿಸಿ ಲೈಟು, ದೀಪಗಳಿಂದ ದೂರವೇ ಇಡಿ.