ಚಿತ್ರದ ಡಬ್ಬಕ್ಕೆ ಹುಣಸೆಹಣ್ಣು ಹಚ್ಚಬೇಡಿ

ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ದಿನ ಹತ್ತಿರ ಬಂತೆಂದರೆ ನಾನು ಅಟ್ಟದಿಂದ ಹಳೆ ಮಿಠಾಯಿ ಡಬ್ಬಗಳನ್ನೆಲ್ಲ ಕೆಳಗಿಳಿಸುತ್ತೇನೆ. ಒಟ್ಟು ಹನ್ನೊಂದು ಉಂಟು. ಮಳೆ ಹಿಡಿದ ಮೇಲೆ ನೋಡಿದರೆ ಪ್ರಯೋಜನ ಇಲ್ಲ ಮಾರಾಯ್ರೆ, ಮಂಗಳೂರಿನ ಉಪ್ಪುಗಾಳಿ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ.

ಮದುವೆಯಾದ ಹೊಸತರಲ್ಲಿ ಅತ್ತೆಯ ಒಂದು ಡಬ್ಬ ಹಾಳು ಮಾಡಿದವಳು ನಾನು. ಮುಚ್ಚಳದ ಮೇಲೆ ಗುಲಾಬಿ ಹಿಡಿದ ಹೆಂಗಸಿನ ಚಿತ್ರ ಇತ್ತು. ಹಿತ್ತಾಳೆ ದೀಪ ತೊಳೆಯುವಾಗ ಇದೂ ಆಗಲಿ ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹೆಂಗಸಿನ ಅರ್ಧ ಮುಖವೇ ಹೋಯಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಡಬ್ಬ ಕಬ್ಬಿಣದ ತೆಳು ತಗಡು, ಅದಕ್ಕೆ ತವರದ ಲೇಪ. ನಮ್ಮ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಾರಲ್ವಾ, ಅದೇ ತವರ. ಮೇಲೆ ಬಣ್ಣ, ಅದರ ಮೇಲೆ ವಾರ್ನಿಶ್. ಆಗಿನ ಕಾಲಕ್ಕೆ ತಗಡಿನ ಮೇಲೆ ಚಿತ್ರ ಅಚ್ಚು ಮಾಡುವುದು ಕಷ್ಟ. ಅಚ್ಚಿಗೆ ಚಿತ್ರ ಬಿಡಿಸುತ್ತಿದ್ದದ್ದು ಕಲ್ಲಿನ ಮೇಲೆ. ಕಲ್ಲೂ ಗಟ್ಟಿ, ತಗಡೂ ಗಟ್ಟಿ, ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ ಎಂಬವರು ನಡುವೆ ಒಂದು ಉರುಳೆ ಇಟ್ಟು, ಕಲ್ಲಿನ ಚಿತ್ರವನ್ನು ಅದಕ್ಕೆ ಹತ್ತಿಸಿ ಅಲ್ಲಿಂದ ತಗಡಿಗೆ ದಾಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಬಣ್ಣದ ಡಬ್ಬಗಳು ರಾಶಿ ರಾಶಿ ಬಂದದ್ದು ಆಮೇಲೆ. ಚಿತ್ರದ ರಟ್ಟಿನ ಪೆಟ್ಟಿಗೆ ಅದಕ್ಕಿಂತ ಸ್ವಲ್ಪ ಮೊದಲಿನದು. 1868ರಲ್ಲಿ ರಿಚರ್ಡ್ ಕ್ಯಾಡ್ಬರಿ ಚಾಕೊಲೇಟ್ ಪೆಟ್ಟಿಗೆಗೆ ಬೆಕ್ಕಿನ ಮರಿ ಹಿಡಿದ ಹುಡುಗಿಯ ಚಿತ್ರ ಅಂಟಿಸಿದರು. ತಿಂದು ಮುಗಿದ ಮೇಲೂ ಜನ ಪೆಟ್ಟಿಗೆ ಎಸೆಯಲಿಲ್ಲ, ಕಾಗದಪತ್ರ ಇಟ್ಟುಕೊಂಡರು.

ನಮ್ಮೂರಲ್ಲಿ ಆ ಜಾಗ ಹಿಡಿದದ್ದು ಕ್ವಾಲಿಟಿ ಸ್ಟ್ರೀಟ್ ಡಬ್ಬ. 1936ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಹುಟ್ಟಿದ ಮಿಠಾಯಿ, ನಮಗೆ ಬಂದದ್ದು ಮಾತ್ರ ದುಬೈ, ಕುವೈತ್‌ನಿಂದ. ಯಾರದ್ದೋ ಸೂಟ್‌ಕೇಸಿನಲ್ಲಿ ಬಂದು, ನಾಲ್ಕು ಮನೆಗೆ ಹಂಚಿ, ಕೊನೆಗೆ ಸೂಜಿದಾರ, ಗುಂಡಿಯ ಡಬ್ಬ ಆಗುತ್ತಿತ್ತು.

ಈಗ ಕೆಲಸದ ಮಾತು. ಒಣಗಿದ ಹಳೆ ಬನಿಯನ್ ಬಟ್ಟೆಯಿಂದ ಸುಮ್ನೆ ಒರೆಸಿ. ಜಿಡ್ಡು ಇದ್ದರೆ ಬಟ್ಟೆ ನೆನೆಸಿ ಚೆನ್ನಾಗಿ ಹಿಂಡಿ, ಒಂದು ಹನಿ ಸೋಪು ಹಾಕಿ, ಮೊದಲು ತಳದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲು ಬೇಡ, ಬಣ್ಣ ಮಾಸುತ್ತದೆ. ತೆಂಗಿನೆಣ್ಣೆ ಹಚ್ಚಿದರೆ ಹೊಳೆಯುತ್ತದೆ ಅಂತ ಹೇಳುವವರು ಉಂಟು. ಹೊಳೆಯುತ್ತದೆ, ನಿಜ. ಎರಡು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ.

ತುಕ್ಕು ಹೆಚ್ಚಾಗಿ ಶುರುವಾಗುವುದು ಒಳಗೆ, ಅಂಚಿನ ಮಡಿಕೆಯಲ್ಲಿ. ತವರ ಗೀರಿಹೋದ ಕಡೆ ಕಬ್ಬಿಣ ಜಾಸ್ತಿ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ತಂತಿಬ್ರಶ್ ಮುಟ್ಟಲೇಬೇಡಿ. ಹೊಲಿಗೆ ಮೆಶಿನ್ ಎಣ್ಣೆ ಒಂದು ಹನಿ ಹಚ್ಚಿ, ಪೂರ್ತಿ ಒರೆಸಿ ತೆಗೆಯಿರಿ. ಶೂ, ಚೀಲದ ಜೊತೆ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಒಂದೆರಡು ಒಳಗೆ ಹಾಕಿ. ಸಿಮೆಂಟಿನ ಹಲಗೆಯ ಮೇಲೆ ನೇರ ಇಡಬೇಡಿ, ಕೆಳಗೊಂದು ಮರದ ತುಂಡು ಇರಲಿ. ಮುಚ್ಚಳ ಬಿಗಿಯಾದರೆ ಚೂರಿ ತೂರಿಸುವುದಲ್ಲ, ಸೌಟಿನ ಮರದ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ರಟ್ಟಿನ ಪೆಟ್ಟಿಗೆ ಅಟ್ಟದಲ್ಲಿ ಉಳಿಯುವುದಿಲ್ಲ, ಕಪಾಟಿಗೆ ಸೇರಿಸಿ.

ತುಂಬಾ ಹಳೆಯ ಡಬ್ಬದಲ್ಲಿ ತಿಂಡಿ ಮಾತ್ರ ಇಡಬೇಡಿ. ಆಗಿನ ಬಣ್ಣದಲ್ಲಿ, ಬೆಸುಗೆಯಲ್ಲಿ ಸೀಸ ಇರಬಹುದು. ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಕಳಿಸುವುದು ಅವರ ತಾಯಿಯ ಡಬ್ಬದಲ್ಲೇ. ಒಳಗೆ ದಪ್ಪಗೆ ಬೆಣ್ಣೆಕಾಗದ ಹಾಸಿರುತ್ತಾರೆ, ನಾನು ಆಗಲೇ ಸ್ಟೀಲ್ ಡಬ್ಬಕ್ಕೆ ಸುರಿಯುತ್ತೇನೆ. ಖಾಲಿ ಡಬ್ಬ ವಾಪಸ್ ಕೊಡುವ ಕ್ರಮ ಇಲ್ಲ. ಎರಡು ತೆಂಗಿನಕಾಯಿ ಚೀಲದಲ್ಲಿ ಹಾಕಿ ಜೊತೆಗೆ ಕಳಿಸುತ್ತೇನೆ, ಡಬ್ಬದ ಒಳಗಲ್ಲ.