ಕಾಸರಗೋಡಿನ ಹವೆಯಲ್ಲಿ ಬೋವಾ ಸಾಕುವುದು: ಗೂಡು, ಶಾಖ, ತೇವ, ಆಹಾರ

ಕಾನೂನಿನ ಮಾತು ಮೊದಲು. ಅಡಿಕೆ ತೋಟದಲ್ಲೋ ಕೋಳಿಗೂಡಿನಲ್ಲೋ ಸಿಕ್ಕುವ ನಮ್ಮ ಹೆಬ್ಬಾವನ್ನು ಸಾಕುವಂತಿಲ್ಲ, ಮರಿಯನ್ನೂ ಕೂಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಸಾಕಿದರೆ ಮೂರರಿಂದ ಏಳು ವರ್ಷ ಜೈಲು. ಕಂಡರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹತ್ತಿರದ ಹಾವು ಹಿಡಿಯುವವರ ನಂಬರಿದೆ, ಫೋನ್ ಮಾಡಿ. ಇಲ್ಲಿ ಹೇಳುತ್ತಿರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಹಾವಿನ ವಿಷಯ. ಅದಕ್ಕೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಮಾರುವವರ ಹೆಸರಿನಲ್ಲಿ ನೋಂದಣಿ ಇಲ್ಲವೆಂದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಮುಟ್ಟಬೇಡಿ. ಹೆಣ್ಣು ಬೋವಾ ಆರರಿಂದ ಎಂಟು ಅಡಿ ಬೆಳೆಯುತ್ತದೆ, ಇಪ್ಪತ್ತು ವರ್ಷ ಮೀರಿ ಬದುಕುತ್ತದೆ. ಹಸು ನೋಡುವ ಡಾಕ್ಟರಿಗೆಲ್ಲ ಹಾವಿನ ಚಿಕಿತ್ಸೆ ಗೊತ್ತಿರುವುದಿಲ್ಲ. ಹಾವು ನೋಡುವವರು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇದ್ದಾರೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ದುಡ್ಡು ಕೊಡಿ.

ಗೂಡು

ಬೆಳೆದ ಬೋವಾಕ್ಕೆ ಆರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ತೀರಾ ಕನಿಷ್ಠ. ಹಾವು ಮೈಚಾಚಿ ಮಲಗುವಷ್ಟು ಉದ್ದವಿದ್ದರೆ ಇನ್ನೂ ಒಳ್ಳೆಯದು. ಐಎಸ್ 710 ಗುರುತಿರುವ 18 ಅಥವಾ 19 ಮಿ.ಮೀ. ಮರೈನ್ ಪ್ಲೈವುಡ್ಡನ್ನೇ ತನ್ನಿ. ಸಾಮಾನ್ಯ ಪ್ಲೈವುಡ್ ಇಲ್ಲಿನ ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ. ಒಳಗೆ ನೀರಿನಲ್ಲಿ ಬೆರೆಸುವ ಪಾಲಿಯುರೆಥೇನ್ ವಾರ್ನಿಷ್ ಮೂರು ಕೋಟ್ ಹೊಡೆದು, ಸಂದಿಗಳಿಗೆಲ್ಲ ಅಕ್ವೇರಿಯಂ ಸಿಲಿಕೋನ್ ತುಂಬಿ, ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ವಾರ, ತೆರೆದಿಡಿ. ಮುಂಭಾಗಕ್ಕೆ ಜಾರುವ ಟಫನ್ಡ್ ಗಾಜು, ಅದಕ್ಕೆ ಶೋಕೇಸಿಗೆ ಹಾಕುವ ಬೀಗ. ಬೀಗವಿಲ್ಲದ ಗಾಜನ್ನು ಬೋವಾ ಮೂತಿಯಿಂದ ತಳ್ಳಿ ಸರಿಸುತ್ತದೆ.

ವಿದೇಶಿ ಪುಸ್ತಕಗಳನ್ನು ಹಾಗೆಯೇ ನಂಬಿದವರು ಎಡವುವುದು ತೇವದ ವಿಷಯದಲ್ಲಿ. ಬೆಳಿಗ್ಗೆ ಸಂಜೆ ನೀರು ಸಿಂಪಡಿಸಿ ಎಂದು ಅವು ಹೇಳುವುದು ಹೀಟರ್ ಉರಿಯುವ ಒಣ ಮನೆಗಳಿಗೆ. ಬೋವಾಕ್ಕೆ ಬೇಕಾದ ತೇವಾಂಶ ಶೇಕಡ 60ರಿಂದ 75. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೊರಗಿನ ಗಾಳಿಯೇ ಅದಕ್ಕಿಂತ ಹೆಚ್ಚು ಒದ್ದೆ. ಮೇಲಿಂದ ನೀರೂ ಹೊಡೆದರೆ ಹಾಸು ಒಣಗುವುದೇ ಇಲ್ಲ. ಹೊಟ್ಟೆಯಡಿಯ ಚರ್ಮ ಮೊದಲು ಕಂದಾಗಿ, ಆಮೇಲೆ ನೀರುಗುಳ್ಳೆ ಎದ್ದು, ಕೊಳೆಯಲು ಶುರುವಾಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಬರುವುದು ಕಂಡರೆ ಶ್ವಾಸಕೋಶಕ್ಕೆ ಇಳಿದಿದೆ ಎಂದರ್ಥ, ಮನೆಮದ್ದಿಗೆ ಕೂರಬೇಡಿ.

ಹಾಗಾಗಿ ಇಲ್ಲಿ ಗೂಡಿಗೆ ಮುಖ್ಯವಾದುದು ಗಾಳಿ. ಹೀಟರಿಲ್ಲದ ತಂಪು ಬದಿಯ ಗೋಡೆಯಲ್ಲಿ ಕೆಳಗೊಂದು, ಹೀಟರಿರುವ ಬಿಸಿ ಬದಿಯಲ್ಲಿ ಮೇಲೊಂದು ಕಿಂಡಿ, ತಲಾ 12 ಇಂಚು ಉದ್ದ, 3 ಇಂಚು ಅಗಲ. ಬಿಸಿಗಾಳಿ ಮೇಲಿಂದ ಹೊರಟಂತೆ ಕೆಳಗಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ಸ್ಟೀಲ್ ಬಲೆಯನ್ನು ಹೊರಗಡೆಯಿಂದ ಬಡಿಯಿರಿ. ಒಳಗೆ ಬಡಿದರೆ ರಾತ್ರಿಯೆಲ್ಲ ಮೂತಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ತೆಂಗಿನನಾರಿನ ಹುಡಿ ಬೇಡ, ಹಳೆ ಪೇಪರ್ ಸಾಕು. ಬೇಸಿಗೆಯಲ್ಲಿ ಹುಡಿ ಹಾಕಬಹುದು. ಅಡಗಲು ಅಡಿಕೆ ಹಾಳೆ ಮಗುಚಿಟ್ಟರೆ ಚೆನ್ನಾಗಿಯೇ ನಡೆಯುತ್ತದೆ, ಬೂಸಲು ಕಂಡ ದಿನ ಎಸೆದು ಬೇರೆ ಇಡಿ. ತಂಪು ಬದಿಗೊಂದು, ಬಿಸಿ ಬದಿಗೊಂದು ಬೇಕು. ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸದಿದ್ದರೆ ಇರುವೆ ಹತ್ತದೆ ಇರುವುದಿಲ್ಲ.

ಶಾಖ

ಬಿಸಿ ಬದಿ 32ರಿಂದ 34 ಡಿಗ್ರಿ, ತಂಪು ಬದಿ 26ರಿಂದ 28, ರಾತ್ರಿ 24ಕ್ಕಿಂತ ಕೆಳಗೆ ಹೋಗದಿರಲಿ. ನೂರು ವಾಟಿನ ಸೆರಾಮಿಕ್ ಹೀಟರು, ಪಿಂಗಾಣಿ ಹೋಲ್ಡರು, ಸುತ್ತ ತಂತಿಯ ಗೂಡು, ಜತೆಗೆ ಶಾಖ ನೋಡಿ ಹೀಟರನ್ನು ತಾನಾಗಿ ಹಚ್ಚಿ ಆರಿಸುವ ಥರ್ಮೋಸ್ಟ್ಯಾಟ್. ಥರ್ಮೋಸ್ಟ್ಯಾಟಿನ ಪ್ರೋಬನ್ನು, ಅಂದರೆ ಶಾಖ ಅಳೆಯುವ ತಂತಿಯ ತುದಿಯನ್ನು, ಗೋಡೆಗೆ ಕ್ಲಿಪ್ ಹಾಕಿ ಭದ್ರಮಾಡಿ. ಹಾವು ಎಳೆದು ಅದು ನೀರಿನ ಬಾಣಲೆಗೆ ಬಿದ್ದರೆ, ತಣ್ಣೀರಿನ ಲೆಕ್ಕ ಹಿಡಿದು ಹೀಟರ್ ಆರದೆ ಉರಿಯುತ್ತಲೇ ಇರುತ್ತದೆ, ಬೆಳಗಾಗುವಾಗ ಬೆನ್ನು ಸುಟ್ಟಿರುತ್ತದೆ. ಲೈನಿಗೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಬಿಸಿಕಲ್ಲು ಎಂದು ಮಾರುವ ಸಾಮಾನು ಬೇಡವೇ ಬೇಡ.

ವರ್ಷದ ಹೆಚ್ಚಿನ ದಿನ ಹೀಟರಿಗೆ ಇಲ್ಲಿ ಕೆಲಸ ಕಡಿಮೆ. ಭಯಪಡಬೇಕಾದದ್ದು ಏಪ್ರಿಲ್‌ಗೆ: ತಾರಸಿಯಡಿಯ ಮಹಡಿ ಕೋಣೆ 36 ಡಿಗ್ರಿ ದಾಟಿದರೆ ಹಾವಿಗೆ ಓಡಿಹೋಗಲು ಜಾಗವಿಲ್ಲ. ಗೂಡು ಕೆಳಗಿನ ಅಂತಸ್ತಿನಲ್ಲಿ, ಬಿಸಿಲು ಬೀಳದ ಗೋಡೆಗೆ ಇರಲಿ.

ಆಹಾರ

ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ. ಮರಿಗೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ, ದೊಡ್ಡದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ. ವಾರವಾರ ತಿನ್ನಿಸಿ ಉರುಟು ಮಾಡಿದ ಬೋವಾ ನೋಡಲು ಗಟ್ಟಿಯಾಗಿ ಕಂಡರೂ ಒಳಗೆ ಕೊಬ್ಬು ತುಂಬಿ ಬೇಗ ಸಾಯುತ್ತದೆ. ತೋಟದಲ್ಲಿ ಬೋನಿಗೆ ಬಿದ್ದ ಇಲಿಯನ್ನು ಮಾತ್ರ ಹಾಕಬೇಡಿ. ಪಕ್ಕದ ತೋಟದವರಿಟ್ಟ ವಿಷ ಅದರ ಹೊಟ್ಟೆಯಲ್ಲಿರಬಹುದು, ಅದನ್ನು ಮುಟ್ಟಿದ ನಿಮಗೆ ಇಲಿಜ್ವರವೂ ಬರಬಹುದು. ಸಾಕಿದ ಇಲಿ ಫ್ರೀಜ್ ಮಾಡಿದ್ದು ತರಿಸಿಕೊಳ್ಳಿ. ಮೀನಿನ ಪಕ್ಕ ಇಲಿ ಇಡಲು ಒಪ್ಪುವ ಮನೆ ಎಲ್ಲಿದೆ? ಇಡಲೂಬಾರದು, ಸಣ್ಣ ಫ್ರೀಜರ್ ಬೇರೆಯೇ ಬೇಕು. ಹಿಂದಿನ ರಾತ್ರಿ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ ಕರಗಿಸಿ, ಕೊಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ಕೊಡಿ.

ಗಾಳಿಮಳೆಗೆ ಎರಡು ದಿನ ಕರೆಂಟು ಬಾರದ ಸೂಚನೆಯಿದ್ದರೆ ಆ ವಾರ ಊಟ ಮುಂದೂಡಿ. ಬೆಳೆದ ಬೋವಾ ಹಸಿದಿದ್ದು ಸಾಯುವುದಿಲ್ಲ. ಶಾಖವಿಲ್ಲದೆ ಮಾತ್ರ ಇಲಿ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ವಾಂತಿ ಮಾಡಿದ ಮೇಲೆ ಎರಡು ವಾರ ಬಿಟ್ಟು ಅರ್ಧ ಗಾತ್ರದ್ದು ಕೊಡಿ. ತಿಂದ ಮೇಲೆ ಎರಡು ದಿನ ಮೈ ಮುಟ್ಟಬೇಡಿ.

ಕೈಗೆತ್ತಿಕೊಳ್ಳುವ ಮೊದಲು ಕೊಕ್ಕೆಯಿಂದ ಮೈಯನ್ನೊಮ್ಮೆ ಸವರಿ, ಇದು ಊಟವಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಆರಡಿ ದಾಟಿದ ಹಾವಿಗೆ ಯಾವಾಗಲೂ ಇಬ್ಬರು, ಕೊರಳಿಗೆ ಸುತ್ತಿ ಫೋಟೋ ತೆಗೆಯುವ ಚಾಳಿ ಬೇಡ. ಕಚ್ಚಿ ಹಿಡಿದರೆ ಎಳೆಯಬೇಡಿ, ಹಲ್ಲು ಒಳಮುಖ ಬಾಗಿರುವುದರಿಂದ ಮಾಂಸ ಹರಿಯುತ್ತದೆ. ಬಾಯಿಯ ಬದಿಗೆ ತಣ್ಣೀರು ಬಿಡಿ, ಸುತ್ತನ್ನು ಬಾಲದ ಕಡೆಯಿಂದ ಬಿಚ್ಚಿ.

ಹೊಸ ಹಾವು ತಂದರೆ ತೊಂಬತ್ತು ದಿನ ಬೇರೆ ಕೋಣೆಯಲ್ಲಿ, ಪೇಪರ್ ಮೇಲೆ. ನೀರಿನ ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅವು ಉಣ್ಣಿಯ ಜಾತಿಯ ಹುಳಗಳು. ಬೋವಾ ಹೊರಗೆ ಆರೋಗ್ಯವಾಗಿ ಕಂಡರೂ ಐಬಿಡಿ ಎಂಬ ವೈರಸ್ ರೋಗ ಹೊತ್ತಿರಬಹುದು, ಅದು ಪೈಥಾನ್‌ಗಳನ್ನು, ಅಂದರೆ ಹೆಬ್ಬಾವಿನ ಬಳಗದ ಹಾವುಗಳನ್ನು, ಬೇಗ ಕೊಲ್ಲುತ್ತದೆ. ಬೋವಾ, ವಿದೇಶಿ ಪೈಥಾನ್ ಎರಡನ್ನೂ ಒಂದೇ ಕೋಣೆಯಲ್ಲಿ ಇಡದಿರುವುದೇ ಕ್ಷೇಮ.

ಗೂಡು ಖಾಲಿ ಕಂಡರೆ ಮೊದಲು ಫ್ರಿಜ್‌ನ ಹಿಂದೆ, ಇನ್ವರ್ಟರ್ ಪಕ್ಕ, ಅಟ್ಟದಲ್ಲಿ ಹುಡುಕಿ. ಅರ್ಧ ದಿನದಲ್ಲಿ ಸಿಗದಿದ್ದರೆ ಮುಚ್ಚಿಡದೆ ನೆರೆಮನೆಯವರಿಗೂ ಅರಣ್ಯ ಕಚೇರಿಗೂ ಹೇಳಿ. ಮೈಮೇಲಿನ ಕಂದು ಪಟ್ಟೆ ನೋಡಿ ಕೊಳಕುಮಂಡಲ ಎಂದು ಹೊಡೆಯುವುದಕ್ಕೆ ಯಾರಿಗೂ ಹೊತ್ತು ಬೇಕಾಗುವುದಿಲ್ಲ.