ಡೇಟು ಮುಗಿದ ರೋಲಿಗೆ ಬೆಳಕು ಜಾಸ್ತಿ ಕೊಡಿ

ದಾವಣಗೆರೆಯಲ್ಲಿ ಅಪ್ಪನ ಸ್ಟುಡಿಯೋ ಮುಚ್ಚಿದಾಗ ಬೀರುವಿನಲ್ಲಿ ಐದು ಓರ್ವೊ ಎನ್‌ಪಿ 22 ರೋಲು ಸಿಕ್ಕವು. 120 ಸೈಜಿನ ಕಪ್ಪು-ಬಿಳುಪು ಫಿಲ್ಮು, ಪೂರ್ವ ಜರ್ಮನಿಯದು. ಪೆಟ್ಟಿಗೆ ಮೇಲಿನ ಡೇಟು 1989.

ಮೊದಲನೆಯದನ್ನು ನಾನೇ ಹಾಳು ಮಾಡಿದೆ. ಪೆಟ್ಟಿಗೆ ಮೇಲಿದ್ದ 125 ಎಎಸ್‌ಎ (ಫಿಲ್ಮು ಬೆಳಕು ಹಿಡಿಯುವ ಶಕ್ತಿಯ ಅಂಕಿ) ನಂಬಿ ತೆಗೆದೆ. ಬೆಳಕು ಸಾಲದಿರಬಹುದು ಅಂತ ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಜಾಸ್ತಿ ಹೊತ್ತು ಬಿಟ್ಟೆ. ನೆಗೆಟಿವ್ ಪೂರ್ತಿ ಬೂದು! ಹಳೆಯ ರೋಲಿಗೆ ಬೆಳಕು ಹಿಡಿಯುವ ಶಕ್ತಿ ಕಡಿಮೆ, ಬೆಳಕು ಬೀಳದ ಕಡೆಯೂ ಫಾಗ್, ಅಂದರೆ ಬೂದು ಮಬ್ಬು, ಇರುತ್ತದೆ. ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಚಿತ್ರದ ಜೊತೆ ಫಾಗ್ ಕೂಡ ಬೆಳೆಯುತ್ತದೆ. ಕೊಡುವುದನ್ನೆಲ್ಲ ಕ್ಯಾಮೆರಾದಲ್ಲೇ ಕೊಡಬೇಕು.

ಎಷ್ಟು? ಒಂದು ರೋಲು ಪರೀಕ್ಷೆಗೆ ಬಿಡಿ. ನನ್ನ ಯಾಶಿಕಾ ಮ್ಯಾಟ್‌ನಲ್ಲಿ 12 ಫೋಟೋ ಬರುತ್ತವೆ. ಬಿಸಿಲು, ನೆರಳು ಎರಡೂ ಇರುವ ಮೂರು ಜಾಗ ಹುಡುಕಿ, ಒಂದೊಂದನ್ನೂ ಬೆಳಕಿನ ಮೀಟರ್‌ನಲ್ಲಿ ಎಎಸ್‌ಎ 100, 50, 25, 12 ಎಂದು ಇಟ್ಟು ತೆಗೆಯಿರಿ. ನೆರಳಿನಲ್ಲಿ ವಿವರ ಮೊದಲು ಕಾಣುವುದು ಯಾವುದರಲ್ಲೋ, ಅದೇ ನಿಮ್ಮ ಎಎಸ್‌ಎ. ನನಗೆ 25 ಬಂತು. ಅಂದರೆ ಒಳ್ಳೆ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 8, ಶಟರ್ 1/125 ಸೆಕೆಂಡು. ಬೇರೆ ಕಡೆಯಿಂದ ತಂದ ರೋಲಿಗೆ ಮತ್ತೆ ಪರೀಕ್ಷೆ ಮಾಡಿ. ತಂಪಿನಲ್ಲಿತ್ತೋ ಸೆಕೆಯಲ್ಲಿತ್ತೋ ಅನ್ನುವುದು ತುಂಬಾ ಮುಖ್ಯ.

120ರಲ್ಲಿ ಫಿಲ್ಮಿನ ಬೆನ್ನಿಗೆ ಸುತ್ತಿರುವ ಕಾಗದದ ಕಾಟ ಬೇರೆ. ಅದರ ಮೇಲಿನ ಅಂಕಿ, ಚುಕ್ಕಿ ಫೋಟೋದೊಳಗೆ ಬರಬಹುದು. ಖಾಲಿ ಆಕಾಶದಲ್ಲಿ ಎದ್ದು ಕಾಣುತ್ತವೆ. ಅದಕ್ಕೇ ನಾನು ಹಂಚಿನ ಮಾಡು, ಕಲ್ಲಿನ ಗೋಡೆ, ಸಂತೆಯ ಜನ ತೆಗೆಯುತ್ತೇನೆ. ಮದುವೆ, ನಾಮಕರಣಕ್ಕೆ ಮಾತ್ರ ಬೇಡ. ಆ ದಿನ ಮತ್ತೆ ಸಿಗಲ್ಲ, ಅಲ್ವಾ?

ಕತ್ತಲಲ್ಲಿ ಡೆವಲಪ್ ಮಾಡುವ ಡಬ್ಬಿಯ ರೀಲಿಗೆ ಏರಿಸುವಾಗ ಫಿಲ್ಮು ಸುರುಳಿಯಾಗಿ ಚಿಮ್ಮುತ್ತದೆ. ಕಾಗದಕ್ಕೆ ಅಂಟಿರುವ ಟೇಪನ್ನು ಬಿಡಿಸಿ, ಫಿಲ್ಮಿನ ತುದಿಯ ಮೇಲೇ ಮಡಚಿ ಅಂಟಿಸಿ. ಆ ಗಟ್ಟಿ ತುದಿಯನ್ನು ಮೊದಲು ತೂರಿಸಿದರೆ ಸಲೀಸು.

ಡೆವಲಪರ್ ಎಚ್‌ಸಿ-110 ಒಳ್ಳೆಯದು, ಫಾಗ್ ಕಡಿಮೆ. ಒಂದು ಭಾಗಕ್ಕೆ 31 ಭಾಗ ನೀರು, 20 ಡಿಗ್ರಿ. ನಮ್ಮೂರ ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ. ಬಾಟಲಿಗಳನ್ನು ಐಸ್ ಹಾಕಿದ ಟಬ್ಬಿನಲ್ಲಿಡಿ. ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ), ತೊಳೆಯುವ ನೀರು ಕೂಡ ಅಷ್ಟೇ ತಣ್ಣಗಿರಲಿ, ಇಲ್ಲದಿದ್ದರೆ ಫಿಲ್ಮಿನ ಮೇಲ್ಪದರ ಸುಕ್ಕಾಗಬಹುದು.

ನೆಗೆಟಿವ್ ಮಂಕಾಗಿ ಕಂಡರೆ ಹೆದರಬೇಡಿ. ಪ್ರಿಂಟಿಗೆ 4ನೇ ಗ್ರೇಡಿನ, ಅಂದರೆ ಕಪ್ಪು-ಬಿಳುಪಿನ ವ್ಯತ್ಯಾಸ ಹೆಚ್ಚಿಸುವ, ಪೇಪರ್ ಹಾಕಿ ನೋಡಿ. ನನಗೆ ಅದರಲ್ಲೇ ಅಪ್ಪನ ಸ್ಟುಡಿಯೋ ಬಾಗಿಲು ಕಂಡಿತು, ಮೂಲೆಯಲ್ಲಿ ಕಾಗದದ 7 ಅಂಕಿಯ ಸಮೇತ.